ಹೊಗೆ ಕಂಡರೆ ಸಾಲದು

ಬೆಟ್ಟದ ತುದಿಯಲ್ಲಿ ಕೂತವನ ಕಣ್ಣಿಗೆ ದೂರದ ಕಣಿವೆಯಲ್ಲಿ ಹೊಗೆ ಬಿತ್ತು ಅಂತಿಟ್ಟುಕೊಳ್ಳಿ. ಅಲ್ಲಿಗೆ ಅವನ ಕೆಲಸ ಅರ್ಧವೂ ಮುಗಿದಿರುವುದಿಲ್ಲ. ಆ ಹೊಗೆ ಏಳುತ್ತಿರುವುದು ಎಲ್ಲಿಂದ ಎಂದು ಅವನು ಹೇಳಬೇಕು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಒಂದರ ಬೆನ್ನಿಗೆ ಒಂದು ದಿಣ್ಣೆ, ಒಂದರ ಪಕ್ಕ ಒಂದು ಕಣಿವೆ. ರಸ್ತೆಯಿಲ್ಲ, ಊರಿಲ್ಲ, 'ಇಂಥಾ ಮರದ ಹತ್ತಿರ' ಎಂದು ಗುರುತು ಹೇಳುವಂತೆಯೂ ಇಲ್ಲ. ಬೆಂಕಿ ಆರಿಸಲು ಹೊರಡುವವನು ಸಲಕರಣೆ ಹೊತ್ತು ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ದಿನ ನಡೆದು ಅಲ್ಲಿಗೆ ಮುಟ್ಟಬೇಕು. ಒಂದು ಕಣಿವೆ ತಪ್ಪಿದರೆ ಆ ದಿನ ಹೋದಂತೆಯೇ. ಬೆಳಿಗ್ಗೆ ಇಬ್ಬರು ಆರಿಸಬಹುದಾಗಿದ್ದ ಕಿಡಿ, ಸಂಜೆಗೆ ಇನ್ನೂರು ಮಂದಿ ಬಂದರೂ ಬಗ್ಗದ ಕಾಳ್ಗಿಚ್ಚಾಗಿರುತ್ತದೆ.

ಅಮೆರಿಕದ ಪಶ್ಚಿಮದ ಬೆಟ್ಟಸಾಲುಗಳ ಮೇಲೆ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಎದ್ದುನಿಂತ ಬೆಂಕಿ ಕಾವಲು ಗೋಪುರಗಳನ್ನು ನೋಡಿದವರು ಮೊದಲು ಗಮನಿಸುವುದು ಅವುಗಳ ಎತ್ತರವನ್ನು, ಅಲ್ಲಿಂದ ಕಾಣುವ ನೋಟವನ್ನು. ಆದರೆ ಎತ್ತರ ಬೆಟ್ಟವೇ ಕೊಟ್ಟದ್ದು. ಮನುಷ್ಯರು ಅಲ್ಲಿ ಕಟ್ಟಿದ್ದು 'ಎಲ್ಲಿ?' ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುವ ಒಂದು ವ್ಯವಸ್ಥೆಯನ್ನು. ಒಂದು ಕೋಣೆ, ಒಂದು ವೃತ್ತಾಕಾರದ ಯಂತ್ರ, ಒಂದು ತಂತಿ, ಆ ನೆಲವನ್ನು ಬಾಯಿಪಾಠ ಮಾಡಿಕೊಂಡ ಒಬ್ಬ ಮನುಷ್ಯ, ಇಷ್ಟು ಸೇರಿದರೆ ಗೋಪುರ.

ಇದು ಶುರುವಾದದ್ದು ಒಂದು ದುರಂತದಿಂದ. ಅಮೆರಿಕದ ಅರಣ್ಯ ಸೇವೆ ಹುಟ್ಟಿದ್ದು 1905ರಲ್ಲಿ. ಐದೇ ವರ್ಷಕ್ಕೆ, 1910ರ ಬೇಸಿಗೆಯಲ್ಲಿ, ಇಡಾಹೊ ಮತ್ತು ಮೊಂಟಾನಾ ರಾಜ್ಯಗಳ ಬೆಟ್ಟಗಳಲ್ಲಿ ಮಳೆ ಕೈಕೊಟ್ಟಿತು. ಸಿಡಿಲಿನಿಂದ, ರೈಲು ಎಂಜಿನ್‌ಗಳ ಕಿಡಿಯಿಂದ, ಕೂಲಿಗಳ ಬಿಡಾರದ ಒಲೆಗಳಿಂದ ಅಲ್ಲಲ್ಲಿ ಸಣ್ಣ ಸಣ್ಣ ಬೆಂಕಿಗಳು ಹೊತ್ತಿಕೊಂಡಿದ್ದವು. ಆಗಸ್ಟ್ 20ರಂದು ಬಿರುಗಾಳಿ ಎದ್ದಿತು. ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಬೂದಿಯಾಯಿತು. ಬೆಂಕಿ ಆರಿಸಲು ಹೋದವರಲ್ಲೇ 78 ಮಂದಿ ಸತ್ತರು. ಎಡ್ ಪುಲಾಸ್ಕಿ ಎಂಬ ರೇಂಜರ್ ತನ್ನ ಜೊತೆಗಿದ್ದ ನಲವತ್ತಕ್ಕೂ ಹೆಚ್ಚು ಮಂದಿಯನ್ನು ಹಳೆಯ ಗಣಿ ಸುರಂಗದೊಳಗೆ ನುಗ್ಗಿಸಿ, ಬಾಯಲ್ಲಿ ತಾನೇ ನಿಂತು, ಹೆಚ್ಚಿನವರನ್ನು ಉಳಿಸಿದ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯ ಅಲಗು ಇರುವ ಸಲಕರಣೆಗೆ ಅವನ ಹೆಸರೇ ಉಳಿದಿದೆ. ಇಂದಿಗೂ ಅಲ್ಲಿ ಕಾಡಿನ ಬೆಂಕಿ ಆರಿಸುವವರ ಕೈಯಲ್ಲಿರುವುದು 'ಪುಲಾಸ್ಕಿ'ಯೇ.

ಆ ಬೇಸಿಗೆಯಿಂದ ಅರಣ್ಯ ಸೇವೆ ಕಲಿತ ಪಾಠ ಇದು: ಬೆಂಕಿ ಸಣ್ಣದಿರುವಾಗಲೇ ಹಿಡಿಯಬೇಕು, ಅದಕ್ಕೆ ಕಣ್ಣು ಬೇಕು. 1911ರ ವೀಕ್ಸ್ ಕಾಯ್ದೆಯಿಂದ ರಾಜ್ಯಗಳಿಗೆ ಬೆಂಕಿ ತಡೆಗೆ ಕೇಂದ್ರದ ಹಣ ಸಿಗತೊಡಗಿತು. ಮೊದಮೊದಲು ನಮ್ಮ ಹೊಲ ಕಾಯುವ ಅಟ್ಟಣೆಯ ಥರದ್ದೇ ಏರ್ಪಾಡು. ಎತ್ತರದ ಮರದ ಕಾಂಡಕ್ಕೆ ಮೊಳೆ ಹೊಡೆದು ಮೆಟ್ಟಿಲು, ತುದಿಯಲ್ಲಿ ನಾಲ್ಕು ಹಲಗೆ. ಮಲಗಲು ಮರದ ಬುಡದಲ್ಲಿ ಡೇರೆ. ಗೋಪುರಗಳು ಸಾವಿರಗಳ ಲೆಕ್ಕಕ್ಕೆ ಏರಿದ್ದು 1930ರ ದಶಕದಲ್ಲಿ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಯುವಕರಿಗೆಂದು 1933ರಲ್ಲಿ ಶುರುವಾದ ಸಿವಿಲಿಯನ್ ಕನ್ಸರ್ವೇಶನ್ ಕೋರ್, ಕಾಲುದಾರಿ ಕಡಿದು, ತಂತಿ ಎಳೆದು, ಶಿಖರಗಳ ಮೇಲೆ ಕೋಣೆ ಕಟ್ಟಿತು. ದೇಶದಾದ್ಯಂತ ಐದು ಸಾವಿರಕ್ಕೂ ಹೆಚ್ಚು ಕಾವಲುಠಾಣೆಗಳಿದ್ದ ಕಾಲ ಅದು. ಇಡಾಹೊ ಒಂದರಲ್ಲೇ ಹತ್ತಿರಹತ್ತಿರ ಸಾವಿರ.

ಜಾಗ ಮತ್ತು ಕೋಣೆ

ಎಲ್ಲಕ್ಕಿಂತ ಎತ್ತರದ ಶಿಖರವೇ ಒಳ್ಳೆಯ ಜಾಗ ಎಂದು ತೋರುವುದು ಸಹಜ. 1915ರಲ್ಲಿ ಆರೆಗಾನ್‌ನ ಮೌಂಟ್ ಹುಡ್‌ನ ನೆತ್ತಿಯ ಮೇಲೆ, 11,000 ಅಡಿಗೂ ಮೇಲೆ, ಒಂದು ಕೋಣೆ ಕಟ್ಟಿಯೂ ನೋಡಿದರು. ಅಷ್ಟು ಎತ್ತರದಲ್ಲಿ ಮೋಡ ಕಾಲ ಕೆಳಗೆ ಹಾಸಿಕೊಂಡಿರುತ್ತದೆ, ಕಾಡು ಅದರ ಅಡಿಯಲ್ಲಿ ಅಡಗಿರುತ್ತದೆ. ಶಿಖರ ಎಷ್ಟು ಎತ್ತರ ಎನ್ನುವುದಕ್ಕಿಂತ ಅಲ್ಲಿಂದ ಎಷ್ಟು ನೆಲ ನೇರ ಕಾಣುತ್ತದೆ ಎನ್ನುವುದು ಮುಖ್ಯ. ಅದಕ್ಕಾಗಿ ಅರಣ್ಯ ಸೇವೆಯವರು ಒಂದೊಂದು ಶಿಖರದಿಂದ ಕಾಣುವ ನೆಲಕ್ಕೆ ನಕ್ಷೆಯಲ್ಲಿ ಬಣ್ಣ ತುಂಬಿದರು. ಬಣ್ಣ ಬೀಳದೆ ಉಳಿದದ್ದು ಮರೆಯ ಕಣಿವೆ. ಆ ಮರೆಯನ್ನು ಇನ್ನೊಂದು ಶಿಖರದ ಬಣ್ಣ ಮುಚ್ಚುವವರೆಗೂ ಹುಡುಕಾಟ ಮುಂದುವರಿಯುತ್ತಿತ್ತು. ಎರಡು ಗೋಪುರಗಳಿಗೆ ಒಂದೇ ನೆಲ ಕಂಡರೆ ಅದು ದಂಡವಲ್ಲ, ಅದೇ ಬೇಕಾದದ್ದು. ಯಾಕೆಂದು ಮುಂದೆ ನೋಡೋಣ.

ಕೋಣೆಗಳಲ್ಲಿ ಹೆಚ್ಚು ಹೆಸರಾದದ್ದು ಎಲ್-4 ಎಂಬ ಮಾದರಿ. 14 ಅಡಿ ಉದ್ದ, 14 ಅಡಿ ಅಗಲ, ನಾಲ್ಕು ಕಡೆಗೂ ಗಾಜು. ಮರವನ್ನು ಪಟ್ಟಣದಲ್ಲೇ ಅಳತೆಗೆ ಕೊಯ್ದು ಕಟ್ಟುಕಟ್ಟಾಗಿ ಹೇಸರಗತ್ತೆಗಳ ಬೆನ್ನಿಗೇರಿಸಿ ಮೇಲಕ್ಕೆ ಸಾಗಿಸುತ್ತಿದ್ದರು. ಆ ಪ್ರಾಣಿ ಹೊತ್ತು ಕಡಿದಾದ ತಿರುವಿನಲ್ಲಿ ಹಾಯಬಹುದಾದ ಅಳತೆಯೇ ಮರದ ತುಂಡುಗಳ ಅಳತೆಯನ್ನು ಬಹುಮಟ್ಟಿಗೆ ನಿರ್ಧರಿಸಿತು. ಕಿಟಕಿಯ ಮರದ ಬಾಗಿಲುಗಳಿಗೆ ಕೀಲು ಮೇಲ್ಗಡೆ. ಬೇಸಿಗೆಯಲ್ಲಿ ಎತ್ತಿ ಊರೆ ಕೊಟ್ಟರೆ ಬಿಸಿಲಿಗೆ ಸೂರು, ಚಳಿಗಾಲಕ್ಕೆ ಇಳಿಬಿಟ್ಟರೆ ಹಿಮದಿಂದ ಗಾಜಿಗೆ ರಕ್ಷೆ. ಒಳಗೆ ಮಂಚ, ಮೇಜು, ಕಟ್ಟಿಗೆಯ ಒಲೆ, ಪಾತ್ರೆಯ ಕಪಾಟು ಎಲ್ಲವೂ ಕಿಟಕಿಯ ಅಂಚಿಗಿಂತ ತಗ್ಗು. ರೊಟ್ಟಿ ಬೇಯಿಸುವಾಗಲೂ ಮಲಗಿ ತಲೆಯೆತ್ತಿದಾಗಲೂ ಕಾಡು ಕಣ್ಣಿಂದ ಮರೆಯಾಗಬಾರದು ಎಂಬ ಒಂದೇ ಲೆಕ್ಕ.

ಬೋಳು ಶಿಖರವಾದರೆ ಕೋಣೆಯನ್ನು ನೇರ ಬಂಡೆಯ ಮೇಲೇ ಕೂರಿಸುತ್ತಿದ್ದರು. ಸುತ್ತ ಮರ ಬೆಳೆದಿದ್ದರೆ ಮಾತ್ರ ಮರದ ಅಥವಾ ಉಕ್ಕಿನ ಕಾಲುಗಳ ಮೇಲೆ. ವಾಷಿಂಗ್ಟನ್ ರಾಜ್ಯದ ತ್ರೀ ಫಿಂಗರ್ಸ್ ಶಿಖರದಲ್ಲಿ ಕೋಣೆ ಕೂರಲು ಸಮ ಜಾಗವೇ ಇರಲಿಲ್ಲ. ಶಿಖರದ ತುದಿಯನ್ನು ಡೈನಮೈಟ್ ಇಟ್ಟು ಸಿಡಿಸಿ ಸಮ ಮಾಡಿದರು. ಇಂದಿಗೂ ಆ ಕೋಣೆಗೆ ಹೋಗಬೇಕೆಂದರೆ ಕೊನೆಯ ಬಂಡೆಗೆ ಕಟ್ಟಿದ ಏಣಿಗಳನ್ನು ಹತ್ತಬೇಕು.

ನಡುಮನೆಯ ಯಂತ್ರ

ಕೋಣೆಯ ನಟ್ಟನಡುವೆ, ಎದೆಮಟ್ಟದ ಪೀಠದ ಮೇಲೆ ಒಂದು ಯಂತ್ರ. ಅದೇ ಆಸ್ಬರ್ನ್ ಫೈರ್ ಫೈಂಡರ್. ಆರೆಗಾನ್‌ನ ಅರಣ್ಯಾಧಿಕಾರಿ ವಿಲಿಯಂ ಆಸ್ಬರ್ನ್ 1911ರ ಹೊತ್ತಿಗೆ ಇದನ್ನು ರೂಪಿಸಿ, ಮುಂದಿನ ವರ್ಷಗಳಲ್ಲಿ ತಿದ್ದುತ್ತ ಹೋದರು. ಅದಕ್ಕೆ ವಿದ್ಯುತ್ ಬೇಡ, ಮಸೂರವೂ ಬೇಡ.

ಅಡಿಯಲ್ಲಿ ಒಂದು ದುಂಡು ಫಲಕ, ಅದರ ಮೇಲೆ ಆ ಪ್ರದೇಶದ ನಕ್ಷೆ. ನಕ್ಷೆಯ ಕೇಂದ್ರಬಿಂದು ಅಂದರೆ ಈ ಗೋಪುರವೇ. ಹಾಗಾಗಿ ಪ್ರತಿ ಗೋಪುರಕ್ಕೂ ಅದರದೇ ನಕ್ಷೆ ಬೇಕು. ಪಕ್ಕದ ಶಿಖರದ್ದು ಇಲ್ಲಿ ನಡೆಯುವುದಿಲ್ಲ. ಫಲಕದ ಸುತ್ತ ಲೋಹದ ಬಳೆ, ಅದರ ಮೇಲೆ 0ಯಿಂದ 360ರವರೆಗೆ ಡಿಗ್ರಿಯ ಗೆರೆಗಳು: ಉತ್ತರದಿಂದ ಶುರುವಾಗಿ ಪ್ರದಕ್ಷಿಣವಾಗಿ. ಬಳೆಯ ಮೇಲೆ ಸುತ್ತ ತಿರುಗುವ ಎರಡು ಗುರಿಕಂಬಗಳು ಎದುರುಬದುರು ನಿಂತಿರುತ್ತವೆ. ಕಣ್ಣಿನ ಕಡೆಯದರಲ್ಲಿ ಕಿರಿದಾದ ಸೀಳು, ಆಚೆಯದರಲ್ಲಿ ನೆಟ್ಟಗೆ ಬಿಗಿದ ಕುದುರೆಯ ಬಾಲದ ಕೂದಲು. ಸೀಳಿನಿಂದ ಇಣುಕಿ, ಕೂದಲು ಹೊಗೆಯ ಬುಡಕ್ಕೆ ಸರಿಯಾಗಿ ಬರುವವರೆಗೆ ತಿರುಗಿಸಿ, ಡಿಗ್ರಿಯನ್ನು ಓದಿಕೊಂಡರೆ ದಿಕ್ಕು ಸಿಕ್ಕಿತು. ಪಕ್ಕದ ವರ್ನಿಯರ್ ಪಟ್ಟಿಯಿಂದ ಡಿಗ್ರಿಯ ಭಿನ್ನಾಂಶವನ್ನೂ ಓದಬಹುದು. ಹೊಗೆಯ ತಲೆಗೆ ಗುರಿ ಹಿಡಿಯಬಾರದು, ಬುಡಕ್ಕೇ ಹಿಡಿಯಬೇಕು. ತಲೆ ಗಾಳಿಯ ಮಾತು ಕೇಳುತ್ತದೆ.

ಎರಡು ಸಣ್ಣ ಸಂಗತಿಗಳಲ್ಲಿ ಈ ಯಂತ್ರ ಮಾಡಿದವರ ಜಾಣ್ಮೆ ಕಾಣುತ್ತದೆ. ಒಂದು, ಇಡೀ ಯಂತ್ರ ಹಳಿಯಂಥ ಕಂಬಿಗಳ ಮೇಲೆ ಕೂತಿದೆ. ಹೊಗೆ ಸರಿಯಾಗಿ ಕೋಣೆಯ ಮೂಲೆಗಂಬದ ಹಿಂದೆ ಬಂದುಬಿಟ್ಟರೆ ಯಂತ್ರವನ್ನು ಒಂದಿಷ್ಟು ಪಕ್ಕಕ್ಕೆ ಜಾರಿಸಿ ನೋಡಬಹುದು. ಕೆಲವು ಅಂಗುಲ ಸರಿದರೆ ಹತ್ತಾರು ಕಿಲೋಮೀಟರ್ ದೂರದ ಲೆಕ್ಕದಲ್ಲಿ ವ್ಯತ್ಯಾಸವೇ ಆಗುವುದಿಲ್ಲ. ಇನ್ನೊಂದು, ಕೇಂದ್ರದಿಂದ ಆಚೆಯ ಗುರಿಕಂಬದ ಕಡೆಗೆ ನಕ್ಷೆಯ ಮೇಲೆ ಹಾಯುವ ಉಕ್ಕಿನ ಪಟ್ಟಿ. ಗುರಿ ಹಿಡಿದ ಕೂಡಲೇ ಹೊಗೆ ಇರಬಹುದಾದ ಜಾಗಗಳೆಲ್ಲ ಆ ಪಟ್ಟಿಯ ಅಡಿಯಲ್ಲೇ ಸಾಲಾಗಿ ಬಂದಿರುತ್ತವೆ.

ತೊಡಕು ಇರುವುದೂ ಇಲ್ಲೇ. ಯಂತ್ರ ಹೇಳುವುದು ದಿಕ್ಕನ್ನು ಮಾತ್ರ. ಆ ಗೆರೆಯ ಮೇಲೆ ಹೊಗೆ 5 ಕಿ.ಮೀ. ದೂರದಲ್ಲಿದೆಯೋ 25 ಕಿ.ಮೀ. ದೂರದಲ್ಲಿದೆಯೋ? ಇದಕ್ಕೆ ಎರಡು ದಾರಿ.

ಮೊದಲನೆಯದು ಇನ್ನೊಂದು ಗೋಪುರ. ಪಶ್ಚಿಮದ ಗೋಪುರದವನು '62 ಡಿಗ್ರಿ' ಎಂದು ಫೋನಿನಲ್ಲಿ ಹೇಳುತ್ತಾನೆ. ಅದರಿಂದ ನೇರ ಪೂರ್ವಕ್ಕೆ 15 ಕಿ.ಮೀ. ದೂರದಲ್ಲಿರುವವನು ಅದೇ ಹೊಗೆಯನ್ನು '310 ಡಿಗ್ರಿ'ಯಲ್ಲಿ ಕಾಣುತ್ತಾನೆ. ಕೆಳಗಿನ ಕಚೇರಿಯಲ್ಲಿ ಗೋಡೆ ತುಂಬ ಒಂದು ದೊಡ್ಡ ನಕ್ಷೆ. ಪ್ರತಿ ಗೋಪುರದ ಸುತ್ತ ಡಿಗ್ರಿಯ ವೃತ್ತ, ನಡುವಿನಿಂದ ಒಂದು ದಾರ. ಕಚೇರಿಯವನು ಎರಡೂ ದಾರಗಳನ್ನು ಹೇಳಿದ ಡಿಗ್ರಿಗೆ ಎಳೆದು ಹಿಡಿಯುತ್ತಾನೆ. ದಾರ ದಾಟಿದ ಜಾಗವೇ ಬೆಂಕಿ: ಮೊದಲ ಗೋಪುರದಿಂದ 10 ಕಿ.ಮೀ.ಗಿಂತ ತುಸು ಹೆಚ್ಚು, ಎರಡನೆಯದರಿಂದ ಏಳೂವರೆ. ಶಾಲೆಯಲ್ಲಿ ತ್ರಿಕೋನಮಿತಿ ಯಾತಕ್ಕೆ ಎಂದು ಕೇಳುವ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತಪ್ಪಿನ ಲೆಕ್ಕವನ್ನೂ ನೋಡಿ. ಗುರಿಯಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೆ 10 ಕಿ.ಮೀ. ದೂರದಲ್ಲಿ ಸುಮಾರು 175 ಮೀಟರ್ ಪಕ್ಕಕ್ಕೆ ಹೋಗುತ್ತದೆ, 20 ಕಿ.ಮೀ.ಯಲ್ಲಿ 350 ಮೀಟರ್. ದಟ್ಟ ಕಾಡಿನಲ್ಲಿ ಅಷ್ಟು ಸಾಕು ದಾರಿ ತಪ್ಪಲು. ಎರಡು ದಾರಗಳು ಹೆಚ್ಚುಕಡಿಮೆ ಲಂಬವಾಗಿ ದಾಟಿದರೆ ಗುರುತು ಖಚಿತ. ಕಿರಿದಾದ ಕೋನದಲ್ಲಿ ದಾಟಿದರೆ ತಪ್ಪು ಉದ್ದಕ್ಕೆ ಹಿಗ್ಗುತ್ತದೆ. 15 ಡಿಗ್ರಿಯ ಕೋನದಲ್ಲಿ ಅದು ಸುಮಾರು ನಾಲ್ಕು ಪಟ್ಟು. ಒಂದೇ ನೆಲವನ್ನು ಬೇರೆ ಬೇರೆ ಬದಿಯಿಂದ ನೋಡುವ ಗೋಪುರಗಳು ಬೇಕೆಂದದ್ದು ಇದಕ್ಕೇ. ಯಂತ್ರದ ಉತ್ತರ ದಿಕ್ಕೂ ನಿಜವಾದ ಉತ್ತರ ದಿಕ್ಕಿಗೆ ಹೊಂದಿರಬೇಕು. ಅದಕ್ಕೆ ಕಾವಲುಗಾರ ಆಗಾಗ, ಡಿಗ್ರಿ ಮೊದಲೇ ಗೊತ್ತಿರುವ ದೂರದ ಶಿಖರವೊಂದಕ್ಕೆ ಗುರಿ ಹಿಡಿದು ಯಂತ್ರವನ್ನು ಪರೀಕ್ಷಿಸುತ್ತಿದ್ದ.

ಇನ್ನೊಂದು ಗೋಪುರಕ್ಕೆ ಆ ಹೊಗೆ ಕಾಣದಿದ್ದರೆ? ಆಗ ಎರಡನೆಯ ದಾರಿ, ನೆಲದ ಪರಿಚಯ. ಉಕ್ಕಿನ ಪಟ್ಟಿಯ ಅಡಿಯಲ್ಲಿ ಮೂರು ದಿಣ್ಣೆಗಳಿವೆ ಎನ್ನಿ. ಹೊಗೆ ಎರಡನೆಯ ದಿಣ್ಣೆಯ ಮುಂದಿದೆಯೋ ಹಿಂದಿದೆಯೋ ಎಂದು ಅಲ್ಲಿ ಇಡೀ ಬೇಸಿಗೆ ಕೂತವನಿಗೆ ಗೊತ್ತಾಗುತ್ತದೆ. ಮುಂದಿದ್ದರೆ ದಿಣ್ಣೆಯ ಮರಗಳು ಹೊಗೆಯ ಹಿಂದೆ ಮಸುಕಾಗುತ್ತವೆ. ಹಿಂದಿದ್ದರೆ ಮರಗಳ ಅಂಚು ಕಡೆದಿಟ್ಟಂತೆ ಚೂಪಾಗಿ ಕಾಣುತ್ತದೆ. ಕಣ್ಣಿನ ಕಡೆಯ ಗುರಿಕಂಬದಲ್ಲಿ ಮೇಲುಕೆಳಗಿನ ಕೋನ ಅಳೆಯುವ ಏರ್ಪಾಡೂ ಉಂಟು. 1930ರ ದಶಕದಲ್ಲಿ ಆಸ್ಬರ್ನ್ ಅವರೇ ರೂಪಿಸಿದ ಕ್ಯಾಮೆರಾದಿಂದ ನೂರಾರು ಶಿಖರಗಳ ಸುತ್ತುನೋಟವನ್ನು ಚಿತ್ರ ತೆಗೆದರು. ಒಂದೊಂದು ಚಿತ್ರ 120 ಡಿಗ್ರಿ. ಮೂರು ಸೇರಿದರೆ ಪೂರ್ತಿ ಸುತ್ತು. ಚಿತ್ರದ ಮೇಲಂಚಿನಲ್ಲಿ ದಿಕ್ಕಿನ ಡಿಗ್ರಿ, ಬದಿಯಲ್ಲಿ ಎತ್ತರದ ಕೋನ. ಕಾವಲುಗಾರ ಎರಡೂ ಸಂಖ್ಯೆ ಹೇಳಿದರೆ ಕೆಳಗೆ ಕಚೇರಿಯಲ್ಲಿ ಕೂತವನು ಅದೇ ನೋಟದ ಮೇಲೆ ಬೆರಳಿಟ್ಟು 'ಈ ಕೋಡಿನ ಎಡಗಡೆಯೇ?' ಎಂದು ಕೇಳಬಹುದಿತ್ತು. ಆ ಚಿತ್ರಗಳು ಇಂದು, ತೊಂಬತ್ತು ವರ್ಷದ ಹಿಂದೆ ಕಾಡು ಎಲ್ಲಿತ್ತು, ಹಿಮನದಿ ಎಲ್ಲಿಯವರೆಗಿತ್ತು ಎಂದು ಹೋಲಿಸಿ ನೋಡುವವರಿಗೆ ಅಮೂಲ್ಯ ದಾಖಲೆ. ಅದು ಚಿತ್ರ ತೆಗೆದವರು ಬಯಸಿ ಮಾಡಿದ್ದಲ್ಲ, ತಾನಾಗಿ ಒದಗಿದ್ದು.

ಹೊಗೆಯೋ ಮಂಜೋ

ಕೆಲಸದ ಕಷ್ಟದ ಭಾಗ ನೋಡುವುದು. ಬರಿಗಣ್ಣಿನಿಂದ ಕಾಡನ್ನು ತುಂಡು ತುಂಡಾಗಿ ಹಂಚಿಕೊಂಡು, ಹತ್ತಿರದಿಂದ ದೂರಕ್ಕೆ ನಿಧಾನ ಸವರಬೇಕು. ಅನುಮಾನ ಬಂದ ಕಡೆಗಷ್ಟೇ ದುರ್ಬೀನು. ಸಣ್ಣ ಹೊಗೆಯನ್ನು ನೆಚ್ಚಿ ಗುರುತಿಸಬಹುದಾದದ್ದು ಸುಮಾರು 25–30 ಕಿ.ಮೀ. ಒಳಗೆ, ಅದೂ ಗಾಳಿ ಶುಭ್ರವಾಗಿದ್ದರೆ. ಸೂರ್ಯ ತಗ್ಗಿನಲ್ಲಿರುವ ಬೆಳಗು, ಸಂಜೆಯ ಬೆಳಕಿನಲ್ಲಿ ಹೊಗೆ ಎದ್ದು ಕಾಣುತ್ತದೆ. ನೆತ್ತಿಯ ಬಿಸಿಲಿನಲ್ಲಿ ಕಾಡೆಲ್ಲ ಚಪ್ಪಟೆ.

ಮಳೆ ನಿಂತ ಮೇಲೆ ಕಣಿವೆಗಳಿಂದ ಎಳೆ ಎಳೆಯಾಗಿ ಏಳುವ ಮಂಜನ್ನು ಅಲ್ಲಿನ ಕಾವಲುಗಾರರು 'ವಾಟರ್ ಡಾಗ್' ಅನ್ನುತ್ತಾರೆ. ಹೊಸಬರು ಏಮಾರುವುದು ಇಲ್ಲೇ. ಮಂಜಿನ ಎಳೆ ಏಳುತ್ತದೆ, ಅಲೆಯುತ್ತದೆ, ಕರಗುತ್ತದೆ, ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಹೊಗೆ ಹಾಗಲ್ಲ, ಅದರ ತಲೆ ಎಲ್ಲಿಗೆ ಅಲೆದರೂ ಬುಡ ಒಂದೇ ಕಡೆ ನಿಂತಿರುತ್ತದೆ, ಬಣ್ಣದಲ್ಲಿ ತುಸು ನೀಲಿ. ಹತ್ತು ನಿಮಿಷ ಕಣ್ಣು ಕೀಳದೆ ನೋಡಿದರೆ ಗೊತ್ತಾಗುತ್ತದೆ. ಆದರೆ ನಿಜವಾದ ಬೆಂಕಿಯಾಗಿದ್ದರೆ ಆ ಹತ್ತು ನಿಮಿಷವೂ ನಷ್ಟವೇ. ಈ ತೂಗಾಟ ಪುಸ್ತಕದಿಂದ ಬರುವಂಥದ್ದಲ್ಲ.

ಸಿಡಿಲು ಬಡಿದ ಮರ ಕೂಡಲೇ ಹೊತ್ತಿ ಉರಿಯಬೇಕೆಂದಿಲ್ಲ. ಒಣಗಿದ ಕಾಂಡದೊಳಗೆ ಕೆಂಡ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಮಲಗಿದ್ದು, ಬಿಸಿಲು ಗಾಳಿ ಸೇರಿದ ದಿನ ಏಳುತ್ತದೆ. ಹಾಗಾಗಿ ಗುಡುಗು ಮಳೆಯ ಹೊತ್ತಿಗೆ ಕಾವಲುಗಾರ ಸಿಡಿಲು ಬಿದ್ದ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಅಂದರೆ ಒಂದು ಕಿಲೋಮೀಟರ್, ದಿಕ್ಕು ಯಂತ್ರದಿಂದ. ಮುಂದಿನ ದಿನಗಳಲ್ಲಿ ಕಣ್ಣು ಮೊದಲು ಹೋಗುವುದು ಆ ಗುರುತುಗಳ ಕಡೆಗೆ.

ಸಿಡಿಲು ಮತ್ತು ತಂತಿ

ಸುತ್ತಲಿನ ಸಿಡಿಲನ್ನು ಲೆಕ್ಕ ಹಾಕುವ ಮನುಷ್ಯ ಕೂತಿರುವುದು ಸಿಡಿಲಿಗೆ ಎಲ್ಲಕ್ಕಿಂತ ಹತ್ತಿರದ ಜಾಗದಲ್ಲಿ. ಅದಕ್ಕೆ ಕೋಣೆಯ ಸೂರಿನ ಮೇಲೆ ದಪ್ಪ ತಾಮ್ರದ ತಂತಿ ಹಾಯಿಸಿ, ಮೂಲೆಗಳಿಂದ ಇಳಿಸಿ, ಬಂಡೆಯ ಬಿರುಕುಗಳಲ್ಲಿ ದೂರದವರೆಗೆ ಎಳೆದು ನೆಲಕ್ಕೆ ಸೇರಿಸುತ್ತಿದ್ದರು. ಒಲೆ, ಕಬ್ಬಿಣದ ಮಂಚ, ಯಂತ್ರ ಎಲ್ಲಕ್ಕೂ ಆ ತಂತಿಯ ನಂಟು. ಸಿಡಿಲು ಬಡಿದರೆ ಅದರ ಹರಿವು ಕೋಣೆಯ ಹೊರಮೈಯಿಂದಲೇ ಇಳಿದು ಹೋಗಬೇಕು.

ಅಷ್ಟಾದ ಮೇಲೂ ಒಂದು ಮಣೆ ಇತ್ತು. ನಾಲ್ಕು ಗಿಡ್ಡ ಕಾಲಿನ, ಬರೀ ಮರದ ಸಣ್ಣ ಮಣೆ. ಪ್ರತಿ ಕಾಲಿನ ತುದಿಗೂ ಟೆಲಿಫೋನ್ ಕಂಬದ ಮೇಲಿರುವಂಥ ಗಾಜಿನ ಬುರುಡೆ ಸಿಕ್ಕಿಸಿರುತ್ತದೆ, ವಿದ್ಯುತ್ ಹಾಯದಿರಲೆಂದು. ಗುಡುಗು ನೆತ್ತಿಗೆ ಬಂದಾಗ ಫೋನಿನ ತಂತಿ ಕಳಚಿ, ಕಿಟಕಿ ಮುಚ್ಚಿ, ಒಲೆಯಿಂದ ದೂರ, ಈ ಮಣೆಯ ಮೇಲೆ ಕೂರಬೇಕು ಅಥವಾ ನಿಲ್ಲಬೇಕು. ಹಾಗೆ ನಿಂತುಕೊಂಡೇ, ಹೊರಗೆ ಎಲ್ಲೆಲ್ಲಿ ಬಿತ್ತು ಎಂದು ನೋಡಬೇಕು. ಹಳೆಯ ಗೋಪುರಗಳಲ್ಲಿ ಉಳಿದುಬಂದ ವಸ್ತುಗಳಲ್ಲಿ ಆ ಕೆಲಸದ ಧೈರ್ಯವನ್ನು ಈ ಮಣೆಯಷ್ಟು ಸ್ಪಷ್ಟವಾಗಿ ಹೇಳುವುದು ಬೇರೊಂದಿಲ್ಲ.

ಕಂಡದ್ದನ್ನು ಹೇಳಲು ಮೊದಲು ಕನ್ನಡಿಯಿಂದ ಬಿಸಿಲು ಮಿನುಗಿಸುವ ಹೀಲಿಯೋಗ್ರಾಫ್ ಇತ್ತು. ಮೋಡ ಬಂದರೆ ಅದು ಮೂಕ. ನಿಜವಾಗಿ ಗೋಪುರಗಳನ್ನು ಗೋಪುರಗಳನ್ನಾಗಿ ಮಾಡಿದ್ದು ಟೆಲಿಫೋನ್. ಕಾಡಿನ ನಡುವೆ ಒಂಟಿ ಕಬ್ಬಿಣದ ತಂತಿ, ಮರಳುವ ವಿದ್ಯುತ್ತಿಗೆ ನೆಲವೇ ಎರಡನೆಯ ತಂತಿ. ಕಂಬಗಳಿಲ್ಲ, ಮರಗಳೇ ಕಂಬ. ಆ ತಂತಿಯನ್ನು ಬಿಗಿಯಾಗಿ ಕಟ್ಟದೆ, ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿಟ್ಟು, ಎರಡು ಹೋಳಿನ ಪಿಂಗಾಣಿ ಬಳೆಯೊಳಗೆ ಜಾರುವಂತೆ ತೂರಿಸಿರುತ್ತಿದ್ದರು. ಮರ ಬಿದ್ದರೆ ತಂತಿ ತುಂಡಾಗದೆ ಅಕ್ಕಪಕ್ಕದಿಂದ ಜಾರಿ ಬಂದು ನೆಲಕ್ಕೆ ಒರಗುತ್ತದೆ, ಮಾತು ನಿಲ್ಲುವುದಿಲ್ಲ. 1930ರ ದಶಕದಲ್ಲಿ ರೇಡಿಯೋ ಬಂದರೂ ಎಷ್ಟೋ ಕಡೆ ಈ ತಂತಿಯೇ ಬಹುಕಾಲ ದುಡಿಯಿತು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಇದೇ ಗೋಪುರಗಳು ಆಕಾಶವನ್ನೂ ಕಾದವು. 1942ರ ಸೆಪ್ಟೆಂಬರ್ 9ರಂದು ಜಪಾನಿನ ಜಲಾಂತರ್ಗಾಮಿಯಿಂದ ಹೊರಟ ಪುಟ್ಟ ವಿಮಾನವೊಂದು ಆರೆಗಾನ್‌ನ ಬ್ರೂಕಿಂಗ್ಸ್ ಊರಿನ ಬಳಿಯ ಮೌಂಟ್ ಎಮಿಲಿ ಕಾಡಿನ ಮೇಲೆ ಬೆಂಕಿ ಬಾಂಬು ಬೀಳಿಸಿತು. ಕಾಡಿಗೇ ಬೆಂಕಿ ಹಚ್ಚುವುದು ಉದ್ದೇಶ. ಹೊಗೆಯನ್ನು ಗೋಪುರದ ಕಾವಲುಗಾರ ಕಂಡ. ಕಾಡು ಒದ್ದೆಯಾಗಿತ್ತು, ಸಣ್ಣದರಲ್ಲೇ ಆರಿಸಿದರು. ವಿಮಾನ ಹಾರಿಸಿದ್ದ ನೊಬುವೊ ಫುಜಿತಾ ಇಪ್ಪತ್ತು ವರ್ಷಗಳ ಮೇಲೆ, 1962ರಲ್ಲಿ, ಅದೇ ಊರಿಗೆ ಬಂದು ತನ್ನ ಮನೆತನದ ಕತ್ತಿಯನ್ನು ಊರಿಗೆ ಒಪ್ಪಿಸಿದ. ಅದು ಈಗ ಅಲ್ಲಿನ ಗ್ರಂಥಾಲಯದಲ್ಲಿದೆ.

ಅಲ್ಲಿ ಕೂತವರು

ಕ್ಯಾಲಿಫೋರ್ನಿಯಾದ ಕ್ಲಾಮತ್ ಕಾಡಿನ ಎಡ್ಡಿ ಗಲ್ಚ್ ಠಾಣೆಗೆ 1913ರಲ್ಲಿ ಹ್ಯಾಲಿ ಡ್ಯಾಗೆಟ್ ಎಂಬ ಮಹಿಳೆ ನೇಮಕವಾದಾಗ, ಒಂಟಿತನಕ್ಕೆ ಹೆದರಿ ಬೇಗ ಇಳಿದು ಬರುತ್ತಾರೆಂದು ಹಲವರು ಎಣಿಸಿದ್ದರು. ಅರಣ್ಯ ಸೇವೆಯ ಮೊದಲ ಮಹಿಳಾ ಗೋಪುರ ಕಾವಲುಗಾರ್ತಿ ಅವರು. ಹತ್ತಕ್ಕೂ ಹೆಚ್ಚು ಬೇಸಿಗೆ ಅಲ್ಲೇ ದುಡಿದರು. ಅದೇ ಬೆಟ್ಟಗಳ ನಡುವೆ ಬೆಳೆದ ಅವರಿಗೆ ನೆಲದ ಪರಿಚಯ ಮೊದಲೇ ಇತ್ತು, ಈ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅರ್ಹತೆ ಇಲ್ಲ.

ಹೊರಜಗತ್ತಿಗೆ ಹೆಚ್ಚು ಗೊತ್ತಿರುವುದು ಬರಹಗಾರರು. ಕವಿ ಗ್ಯಾರಿ ಸ್ನೈಡರ್ 1952ರಲ್ಲಿ ಕ್ರೇಟರ್ ಮೌಂಟನ್, 1953ರಲ್ಲಿ ಸೋರ್‌ಡೋ ಮೌಂಟನ್ ಗೋಪುರಗಳಲ್ಲಿದ್ದರು. ಅವರ ಮಾತು ಕೇಳಿ ಕಾದಂಬರಿಕಾರ ಜಾಕ್ ಕೆರೊವಾಕ್ 1956ರ ಬೇಸಿಗೆಯ 63 ದಿನ ಡೆಸೊಲೇಶನ್ ಪೀಕ್‌ನಲ್ಲಿ ಕಳೆದರು. ಕೆರೊವಾಕ್ ಓದಿ ಗೋಪುರವೆಂದರೆ ಧ್ಯಾನಮಂದಿರ ಎಂದುಕೊಂಡವರು ಬಹಳ. ದಿನಚರಿ ಹಾಗಿರಲಿಲ್ಲ. ನೀರು ಕೆಳಗಿನ ಊಟೆಯಿಂದ ಬೆನ್ನಿನ ಮೇಲೆ ಬರಬೇಕು, ಒಂದು ಡಬ್ಬಿಗೆ ಐದು ಗ್ಯಾಲನ್, ಸುಮಾರು 19 ಲೀಟರ್. ಕಟ್ಟಿಗೆ ಕಡಿಯಬೇಕು, ಗಾಜು ಒರೆಸಬೇಕು, ಹವಾಮಾನ ಬರೆಯಬೇಕು, ಹೊತ್ತುಹೊತ್ತಿಗೆ ಕಚೇರಿಗೆ ದನಿ ಕೊಡಬೇಕು. ಎಷ್ಟೋ ಠಾಣೆಗಳಲ್ಲಿ ಹತ್ತಿರದ ಬೆಂಕಿಯನ್ನು ಕಂಡವನೇ ಪುಲಾಸ್ಕಿ ಹೊತ್ತು ಓಡಿ ಆರಿಸಬೇಕಿತ್ತು. ದಿಕ್ಸೂಚಿ ಹಿಡಿದು, ತಾನೇ ಓದಿದ ಡಿಗ್ರಿಯ ಗೆರೆ ಬಿಡದೆ ನಡೆದರೆ ಹೊಗೆ ಸಿಗುತ್ತದೆ.

ಕಾಡಿಗೆ ಏನಾಯಿತು

1935ರಲ್ಲಿ ಅರಣ್ಯ ಸೇವೆ ಒಂದು ಕಟ್ಟಾಜ್ಞೆ ಹೊರಡಿಸಿತು: ಯಾವುದೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು. ಗೋಪುರಗಳು, 1940ರಿಂದ ಪ್ಯಾರಾಚೂಟ್‌ನಲ್ಲಿ ಇಳಿದು ಬೆಂಕಿ ಆರಿಸುವ ದಳ, ಎಲ್ಲ ಸೇರಿ ಆ ಆಜ್ಞೆಯನ್ನು ಬಹುಮಟ್ಟಿಗೆ ನಡೆಸಿಯೂ ಕೊಟ್ಟವು. ಬೆಲೆ ತೆತ್ತದ್ದು ಕಾಡು. ಪಾಂಡರೋಸಾ ಪೈನ್‌ನಂಥ ಕಾಡುಗಳು ಕೆಲವು ವರ್ಷಕ್ಕೊಮ್ಮೆ ನೆಲಮಟ್ಟದ ಸಣ್ಣ ಬೆಂಕಿ ಹಾಯ್ದು ತಮ್ಮ ಅಡಿಯ ತರಗು, ಎಳೆಗಿಡಗಳನ್ನು ತಾವೇ ಸುಟ್ಟುಕೊಂಡು ಬದುಕಿದಂಥವು. ಆ ಬೆಂಕಿ ನಿಂತುಹೋಗಿ ದಶಕಗಳ ಸೌದೆ ಕೂಡಿಕೊಂಡಿತು. ಈಗಿನ ಬಿಸಿ, ಒಣ ಬೇಸಿಗೆಗಳಲ್ಲಿ ಮರದ ನೆತ್ತಿಗೇರುವ ಮಹಾಬೆಂಕಿಗಳಿಗೆ ಅದೂ ಒಂದು ಕಾರಣ. ಗೋಪುರದವರ ದುಡಿಮೆ ನಿಷ್ಠೆಯದು, ಆಜ್ಞೆ ಮಾತ್ರ ಅರೆಬರೆ ತಿಳಿವಳಿಕೆಯದು. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

1970ರ ದಶಕದಲ್ಲಿ ಆಜ್ಞೆ ಸಡಿಲವಾಯಿತು. ಅಷ್ಟರಲ್ಲಿ ವಿಮಾನದ ಗಸ್ತು ಬಂದು ಗೋಪುರಗಳು ಖಾಲಿಯಾಗತೊಡಗಿದ್ದವು. ಬಿದ್ದುಹೋಗುವ ಕೋಣೆಗಳಿಂದ ಯಾರಿಗಾದರೂ ಅಪಾಯವಾದೀತೆಂದು ಎಷ್ಟನ್ನೋ ಇಲಾಖೆಯೇ ಸುಟ್ಟುಹಾಕಿತು. ಉಳಿದವುಗಳಿಗೆ ಇನ್ನೊಂದು ಬಗೆಯ ಕಷ್ಟ. ವಾಷಿಂಗ್ಟನ್‌ನ ಗ್ಲೇಸಿಯರ್ ಪೀಕ್ ಅಭಯಾರಣ್ಯದಲ್ಲಿ 1933ರಲ್ಲಿ ಕಟ್ಟಿದ ಗ್ರೀನ್ ಮೌಂಟನ್ ಗೋಪುರವನ್ನು ದುರಸ್ತಿ ಮಾಡಲು ಹೆಲಿಕಾಪ್ಟರ್ ಬಳಸಿದ್ದು, ಯಂತ್ರ ಹಾಗೂ ಕಟ್ಟಡಗಳನ್ನು ನಿರ್ಬಂಧಿಸುವ 1964ರ ವನ್ಯ ಕಾಯ್ದೆಗೆ ವಿರುದ್ಧವೆಂದು ಮೊಕದ್ದಮೆಯಾಯಿತು. 2012ರಲ್ಲಿ ನ್ಯಾಯಾಲಯ ಅದನ್ನು ತೆಗೆಸಬೇಕೆಂದಿತು. ಆಮೇಲೆ 2014ರ ಮಾರ್ಚ್‌ನಲ್ಲಿ ಆ ಭಾಗದ ಓಸೊದಲ್ಲಿ ಗುಡ್ಡ ಕುಸಿದು 43 ಮಂದಿ ಸತ್ತರು. ನೊಂದ ಜನರಿಗೆ ಅವರ ಬೆಟ್ಟದ ಗುರುತಾದರೂ ಉಳಿಯಲಿ ಎಂಬ ಮಾತು ಎದ್ದು, ಸಂಸತ್ತು ಮುಂದಿನ ತಿಂಗಳೇ ಗೋಪುರವನ್ನು ಉಳಿಸುವ ಪ್ರತ್ಯೇಕ ಕಾಯ್ದೆ ಮಾಡಿತು. ಕಾಡಿಗೆ ಕಾಯ್ದೆಯ ಬಿಗಿ ಬೇಕು ಎನ್ನುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ 14 ಅಡಿಯ ಆ ಕೋಣೆ ಅಲ್ಲಿರುವುದೇ ಸರಿ ಎಂದು ನನ್ನ ಅನಿಸಿಕೆ.

ಇಂದು ಅಮೆರಿಕದಲ್ಲಿ ಮನುಷ್ಯರು ಕೂರುವ ಗೋಪುರಗಳು ಕೆಲವು ನೂರು ಮಾತ್ರ. ನ್ಯೂ ಮೆಕ್ಸಿಕೊದ ಗೀಲಾ ಕಾಡಿನಲ್ಲಿ ಅವು ಹೊಸ ಕೆಲಸ ಮಾಡುತ್ತಿವೆ. ಅಲ್ಲಿ ಸಿಡಿಲಿನಿಂದ ಹುಟ್ಟಿದ ಕೆಲವು ಬೆಂಕಿಗಳನ್ನು ಉದ್ದೇಶಪೂರ್ವಕವಾಗಿ ಉರಿಯಬಿಡುತ್ತಾರೆ, ಗೋಪುರದವರು ಅದರ ನಡೆಯನ್ನು ದಿನವಿಡೀ ನೋಡಿ ವರದಿ ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಅಲರ್ಟ್ ಕ್ಯಾಲಿಫೋರ್ನಿಯಾ ಜಾಲದ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬೆಟ್ಟಗಳ ಮೇಲೆ ತಿರುಗುತ್ತಿವೆ, ಹೊಗೆ ಗುರುತಿಸಲು ಕಂಪ್ಯೂಟರ್ ಇದೆ. ಆದರೆ ಒಂದು ಕ್ಯಾಮೆರಾ ಹೇಳುವುದೂ ದಿಕ್ಕನ್ನು ಮಾತ್ರ. ಜಾಗ ಖಚಿತವಾಗಬೇಕೆಂದರೆ ಎರಡನೆಯ ಕ್ಯಾಮೆರಾದ ಗೆರೆ ಬಂದು ದಾಟಲೇಬೇಕು.

ನಮ್ಮ ಬಂಡೀಪುರ, ನಾಗರಹೊಳೆಗಳಲ್ಲೂ ವಾಚ್ ಟವರ್‌ಗಳಿವೆ, ಬೇಸಿಗೆಗೆಂದು ನೇಮಕವಾಗುವ ಫೈರ್ ವಾಚರ್‌ಗಳಿದ್ದಾರೆ. ಇಲ್ಲಿನ ಬೆಂಕಿಗೆ ಸಿಡಿಲಿಗಿಂತ ಮನುಷ್ಯನ ಕೈಯೇ ಹೆಚ್ಚು ಕಾರಣ. ಕಾಲವೂ ಬೇರೆ, ಎಲೆಯುದುರಿ ಲಂಟಾನ ಒಣಗುವ ಜನವರಿಯಿಂದ ಮುಂಗಾರಿನ ಮುಂಚಿನವರೆಗೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹ ಕಂಡ ಬೆಂಕಿಯ ಸೂಚನೆಯನ್ನು ಇಲಾಖೆಗೆ ಕಳಿಸುತ್ತದೆ. ಆದರೆ ಅಂಥ ಒಂದು ಉಪಗ್ರಹ ದಿನಕ್ಕೆ ಸುಮಾರು ಎರಡು ಬಾರಿ ಹಾಯ್ದುಹೋಗುವಂಥದ್ದು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದದ್ದನ್ನು ನೆನೆದರೆ, ಎರಡು ಹಾಯುವಿಕೆಗಳ ನಡುವಿನ ಹೊತ್ತನ್ನು ಕಾಯುವ, ಆ ನೆಲ ಗೊತ್ತಿರುವ ಸ್ಥಳೀಯ ವಾಚರ್‌ಗೆ ನಾವು ಕೊಡುವ ಕೂಲಿ, ಸಲಕರಣೆ, ಮರ್ಯಾದೆ ಏನೇನೂ ಸಾಲದು ಎಂದೇ ಹೇಳಬೇಕಾಗುತ್ತದೆ.

ಸಿಯಾಟಲ್ ಸುತ್ತ ನೆಲೆಸಿರುವ ಕನ್ನಡಿಗರಿಗೆ, ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರಿಗೆ, ಇಂಥ ಗೋಪುರ ದೂರವೇನಲ್ಲ. ಮೌಂಟ್ ಪಿಲ್ಚಕ್ ಶಿಖರದ ಕೋಣೆಗೆ ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು. 5,300 ಅಡಿ ಎತ್ತರ, ಕೊನೆಗೆ ಬಂಡೆಗಳ ಮೇಲೆ ಕೈಯೂರಿ ಹತ್ತಿ ಒಂದು ಗಿಡ್ಡ ಏಣಿ. ಅಷ್ಟು ಬೇಡವೆಂದರೆ ಹೇಬ್ರೂಕ್ ಗೋಪುರದ ದಾರಿ ಚಿಕ್ಕದು. ಅದನ್ನು ಅರಣ್ಯ ಸೇವೆ ರಾತ್ರಿ ತಂಗಲು ಬಾಡಿಗೆಗೂ ಕೊಡುತ್ತದೆ, ಆದರೆ ಬಹಳ ಮುಂಚೆಯೇ ಕಾದಿರಿಸಬೇಕು. ಪಿಲ್ಚಕ್‌ನ ದಾರಿಯಲ್ಲಿ ಬೇಸಿಗೆ ಬಂದ ಮೇಲೂ ಹಿಮ ಉಳಿದಿರುತ್ತದೆ, ಹಾಗಾಗಿ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಒಣ ದಿನಗಳೇ ಒಳ್ಳೆಯದು. ಗುಡುಗಿನ ಮುನ್ಸೂಚನೆ ಇದ್ದರೆ ಹತ್ತಬೇಡಿ.